ಜ್ವರಕ್ಕೆ ಕೂತ ಸಬ್‌ಮರೀನು

ಬೆಳಗಾಗುವುದಕ್ಕೆ ಮುಂಚೆ ಯಶೋದ ಮಾಡಿ ಮುಗಿಸಬೇಕಾದ ಕೆಲಸಗಳು ಇಷ್ಟು: ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುವುದು, ಹಂಡೆ ಒಲೆಗೆ ಉರಿ ಹಾಕುವುದು, ಹಾಲು ಕರೆಯುವುದು, ರಾತ್ರಿಯ ಪಾತ್ರೆ ಬೆಳಗುವುದು, ಕಾಲು ತೊಳೆದುಕೊಂಡು ಹುಳುಮನೆಗೆ ಹೋಗಿ ನಲವತ್ತು ತಟ್ಟೆ ರೇಷ್ಮೆಹುಳುವಿಗೆ ಸೊಪ್ಪು ಕೊಡುವುದು, ಅತ್ತೆಯ ಮಂಡಿಗೆ ಎಣ್ಣೆ ನೀವುವುದು, ಗಂಡನ ಪ್ಯಾಂಟಿಗೆ ಇಸ್ತ್ರಿ, ಕಾಫಿ. (ಕಾಫಿ ಎರಡು ಸಲ. ಒಂದು ಗಂಡ ಏಳುವುದಕ್ಕೆ, ಇನ್ನೊಂದು ಎದ್ದದ್ದಕ್ಕೆ.) ಇದನ್ನೆಲ್ಲ ಒಟ್ಟುಗೂಡಿಸಿ ಗಂಡ ಶಾಂತಮೂರ್ತಿ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ, ನಮ್ಮನೆಯವರು ಮನೇಲೇ ಇರ್ತಾರೆ, ಎಂದು ಹೇಳುತ್ತಿದ್ದರು.

ಮಾಂಬಳ್ಳಿಯ ಈ ಮನೆಗೆ ಕಂಪ್ಯೂಟರ್ ಬಂದದ್ದು ಎರಡು ಸಾವಿರದ ಮೂರರಲ್ಲಿ. ಕೊಳ್ಳೇಗಾಲದ ಅಂಗಡಿಯವನು ಕೊಸರಿಗೆ ಒಂದು ಸೀಡಿ ಕೊಟ್ಟಿದ್ದ. ಸಬ್‌ಮರೀನ್ ಆಟ. ಮಿಷನ್ನು ತಣ್ಣಗಿರಬೇಕು ಸಾ, ಎಂದೂ ಹೇಳಿ ಕಳಿಸಿದ್ದ. ಮನೆಯಲ್ಲಿ ತಣ್ಣಗಿದ್ದದ್ದು ಹುಳುಮನೆಗೆ ಅಂಟಿಕೊಂಡ ಸೊಪ್ಪಿನ ಕೋಣೆಯೊಂದೇ. ಕಂಪ್ಯೂಟರ್ ಒಳಕ್ಕೆ ಹೋಯಿತು, ಹಿಪ್ಪುನೇರಳೆ ಸೊಪ್ಪು ಜಗಲಿಗೆ ಬಂತು. ಜಗಲಿಯಲ್ಲಿ ಸೊಪ್ಪು ಬಾಡದಂತೆ ಗಂಟೆಗೊಮ್ಮೆ ಗೋಣಿಗೆ ನೀರು ಚಿಮುಕಿಸುವ ಕೆಲಸ ಯಶೋದಳ ಪಟ್ಟಿಗೆ ಸೇರಿತು.

ಯಳಂದೂರಿನ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಐದು ಮಹಾಸಾಗರಗಳ ಪಾಠ ಮಾಡಿದ್ದ ಮೇಷ್ಟ್ರು ಸಮುದ್ರವನ್ನೇ ನೋಡಿರಲಿಲ್ಲ. ಜಲಾಂತರ್ಗಾಮಿ ನೌಕೆಯ ಮಹಾದಂಡನಾಯಕರಾಗಿ ಅವರು ಮೊದಲನೆಯ ದಿನ ಬಂದರಿನ ಗೋಡೆಗೆ ಗುದ್ದಿದರು. ಎರಡನೆಯ ದಿನ ಮಂಡಿಯುದ್ದ ನೀರಿನಲ್ಲಿ ಮುಳುಗಲು ಆಜ್ಞೆ ಕೊಟ್ಟು ತಳ ಒಡೆದರು. ಮೂರನೆಯ ದಿನ ಬ್ಯಾಟರಿ ಖಾಲಿಯಾಯಿತು. ಅದಕ್ಕೆ ಕಾರಣ ಯಶೋದ ಅದೇ ಹೊತ್ತಿಗೆ ಮಿಕ್ಸಿ ಹಾಕಿದ್ದು ಎಂದು ತೀರ್ಮಾನವಾಯಿತು. (ಹಡಗಿನ ಬ್ಯಾಟರಿಗೂ ಮನೆಯ ಮಿಕ್ಸಿಗೂ ಏನು ನಂಟು ಎಂದು ಅವಳು ಕೇಳಲಿಲ್ಲ. ಚಟ್ನಿ ಅರೆಯುವುದಿತ್ತು.)

ನೀರಿನ ಕೆಳಗೆ ಕಣ್ಣಿಗೆ ಏನೂ ಕಾಣುವುದಿಲ್ಲವಂತೆ. ಹೆಡ್‌ಫೋನಿನಲ್ಲಿ ಕೇಳಿಯೇ ಯಾವ ಹಡಗು ಎಲ್ಲಿದೆ ಎಂದು ತಿಳಿಯಬೇಕಂತೆ. ಮೇಷ್ಟ್ರಿಗೆ ಎಲ್ಲವೂ ಗೊರಗೊರ ಎಂದೇ ಕೇಳುತ್ತಿತ್ತು. ಹಾಗಾಗಿ ಹೆಂಡತಿಯನ್ನು ಕಿವಿಯ ಕೆಲಸಕ್ಕೆ ನೇಮಿಸಿಕೊಂಡರು. ಅವಳು ಸೆರಗಿಗೆ ಕೈ ಒರೆಸಿಕೊಂಡು ಕೂತು, ಎಡಗಡೆ ದೂರದಲ್ಲಿ ನಿಧಾನದ್ದು ಒಂದು, ಅದರ ಹಿಂದೆ ಚುರುಕಾದವು ಎರಡು ಎಂದಳು. ಪೆರಿಸ್ಕೋಪ್ ಎತ್ತಿ ನೋಡಿದರೆ ಹಾಗೇ ಇತ್ತು.

ಅವಳಿಗೆ ಇದೇನು ದೊಡ್ಡ ವಿದ್ಯೆಯಲ್ಲ. ನಾಲ್ಕನೆಯ ಜ್ವರ ಎದ್ದ ಹುಳು ಸೊಪ್ಪು ತಿನ್ನುವ ಸದ್ದು ಸೋನೆಮಳೆಯ ಹಾಗಿರುತ್ತದೆ. ಆ ಮಳೆಯಲ್ಲಿ ಯಾವ ತಟ್ಟೆಯ ಮೇಲೆ ಹನಿ ಬೀಳುತ್ತಿಲ್ಲ ಎಂಬುದನ್ನು ಅವಳು ಗೋಡೆಯ ಆಚೆಯಿಂದ ಹೇಳಬಲ್ಲಳು. (ಹುಳು ಪೊರೆ ಬಿಡುವ ಮುಂಚೆ ಒಂದು ಹಗಲು ಒಂದು ರಾತ್ರಿ ತಿನ್ನದೆ, ಅಲುಗದೆ ತಲೆ ಎತ್ತಿ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಮುಟ್ಟಬಾರದು, ಎಬ್ಬಿಸಬಾರದು.)

ಕಿವಿ ಕೊಟ್ಟವಳಿಗೆ ಕುತೂಹಲ ಹತ್ತಿತು. ಒಳಗೆ ಎಷ್ಟು ಜನ ಇದ್ದಾರೆ ಎಂದು ಕೇಳಿದಳು. ನಲವತ್ತನಾಲ್ಕು ಎಂದರು ಮೇಷ್ಟ್ರು.

"ಅಡಿಗೆ ಯಾರು ಮಾಡ್ತರೆ?"

ಮೇಷ್ಟ್ರು ಪಟ್ಟಿ ತೆಗೆದು ನೋಡಿದರು. ಕ್ಯಾಪ್ಟನ್ ಇದ್ದ, ಇಂಜಿನಿಯರ್ ಇದ್ದ, ಬಾವುಟ ತೋರಿಸುವವನೂ ಇದ್ದ. ಅಡಿಗೆಯವನಿರಲಿಲ್ಲ. "ಅದೆಲ್ಲ ತೋರ್ಸಲ್ಲ ಕಣೇ."

"ಎಲ್ಲಾ ನಿಜ ಇದ್ದಂಗೇ ಅಂದ್ರಿ."

"ಅಡಿಗೆ ಅದ್ರಷ್ಟಕ್ಕೆ ಅದು ಆಯ್ತದೆ ಬುಡು."

ಹೊಸಿಲ ಆಚೆ ಕಾಲು ಚಾಚಿಕೊಂಡು ಕೂತಿದ್ದ ಅತ್ತೆ ದೊಡ್ಡಬಸಮ್ಮ ಎಲೆಯಡಿಕೆ ಉಗುಳಿ ಹೇಳಿದರು: "ಹಂಗಾದ್ರೆ ನಿಜ ಇದ್ದಂಗೇ ಅದೆ ಕಣಮ್ಮಿ."

ಮೇಷ್ಟ್ರು ಸ್ಕೂಲಿಗೆ ಹೋದ ಮೇಲೆ, ಹನ್ನೊಂದರ ಸೊಪ್ಪಿಗೂ ಎರಡರ ಸೊಪ್ಪಿಗೂ ನಡುವೆ, ಯಶೋದ ತನ್ನದೇ ಒಂದು ಯಾನ ಶುರು ಮಾಡಿದಳು. ಯಾವ ಗುಂಡಿ ಒತ್ತಿದರೆ ಏನು ಎಂಬುದನ್ನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡಳು. ಬಂದರಿನಿಂದ ಮೆತ್ತಗೆ ಹೊರಟಳು. ಗುದ್ದಲಿಲ್ಲ, ಒಡೆಯಲಿಲ್ಲ. ಆಳದ ಸಮುದ್ರದಲ್ಲಿ ಕಾವಲು ಹಡಗುಗಳು ಅಟ್ಟಿಸಿಕೊಂಡು ಬಂದಾಗ, ಗಂಡನ ಹಾಗೆ ಓಡದೆ ಇಂಜಿನ್ ನಿಲ್ಲಿಸಿ ತಳದಲ್ಲಿ ಕೂರಿಸಿದಳು. ಸಬ್‌ಮರೀನು ಜ್ವರಕ್ಕೆ ಕೂತಿತು. ಜ್ವರ ಎಂದರೆ ಒಂದು ಹಗಲು ಒಂದು ರಾತ್ರಿ. ಆಟದಲ್ಲಿ ಕಾಲ ಓಡಿಸುವ ಗುಂಡಿಯೊಂದಿತ್ತು. ಅದನ್ನು ಒತ್ತಿ, ಇನ್ನೂ ಅರ್ಧ ದಿನ ಹೆಚ್ಚಿಗೇ ಇರಲಿ ಎಂದು ಬಿಟ್ಟು, ಅನ್ನ ಬಸಿದು ಬಂದಳು. ಗಾಳಿ ಮುಗಿದು ನಲವತ್ತನಾಲ್ಕು ಜನರೂ ಸತ್ತಿದ್ದರು.

ಅವತ್ತು ಅವಳಿಗೆ ಊಟ ಸೇರಲಿಲ್ಲ. ಹುಳುವಿಗಾದರೂ ಕಿಟಕಿ ತೆಗೆದಿಡುತ್ತೀನಲ್ಲ, ಇವರಿಗೆ ತೆಗೆಯಲಿಲ್ಲವಲ್ಲ ಎಂದು ಮಿಡುಕಿದಳು. ಮಾರನೆಯ ದಿನ ಗಾಳಿ ಎಷ್ಟು ಉಳಿದಿದೆ ಎಂದು ತೋರಿಸುವ ಮುಳ್ಳು ಯಾವುದು ಎಂದು ಹುಡುಕಿ ಗುರುತು ಮಾಡಿಕೊಂಡು, ಈ ಸಲ ಅಷ್ಟೂ ಜನರನ್ನು ಮನೆ ಸೇರಿಸಿಯೇ ಸೈ ಎಂದು ಮತ್ತೆ ಹೊರಟಳು. ಯಾರ ಮೇಲೂ ಗುಂಡು ಹಾರಿಸಲಿಲ್ಲ. ಆಟದ ಲೆಕ್ಕದಲ್ಲಿ ಹತ್ತೊಂಬತ್ತು ದಿನ ಕಳೆದು, ವಾಪಸ್ಸು ಬರುತ್ತಿದ್ದಳು. ಬಂದರಿಗೆ ಇನ್ನು ಎರಡೇ ದಿನ.

ಅಷ್ಟರಲ್ಲಿ ಆ ಭಾನುವಾರ ಬಂತು. ಹುಳು ಹಣ್ಣಾಗಿತ್ತು. ಮೈ ಹಳದಿಗೆ ತಿರುಗಿ, ಕತ್ತೆತ್ತಿ ನೂಲು ಬಿಡುವ ಜಾಗ ಹುಡುಕುತ್ತಿತ್ತು. ಸಂಜೆಯೊಳಗೆ ಒಂದೊಂದನ್ನೂ ಕೈಯಲ್ಲಿ ಆಯ್ದು, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಕಸದಲ್ಲೇ ಗೂಡು ಕಟ್ಟಿ, ತಿಂಗಳ ದುಡಿಮೆ ಕಸವೇ ಆಗುತ್ತದೆ. ಯಾವಾಗಲೂ ಕೈಜೋಡಿಸುವ ಪಕ್ಕದ ಮನೆ ಪುಷ್ಪಳ ಹುಳುವೂ ಅವತ್ತೇ ಹಣ್ಣಾಗಿತ್ತು. ಅತ್ತೆಗೆ ನಿಲ್ಲಲಾಗದು. ಹುಳು ಆಯಲು ಬರಬೇಕೆಂದು ಯಶೋದ ಶನಿವಾರವೇ ಗಂಡನಿಗೆ ಹೇಳಿದ್ದಳು. ನೋಡೋಣ ಎಂದಿದ್ದರು.

ಹತ್ತು ಗಂಟೆಗೆ ಡ್ರಿಲ್ ಮೇಷ್ಟ್ರು ರುದ್ರಸ್ವಾಮಿ ಬಂದರು. ಶಾಂತಮೂರ್ತಿಗಳು ಹಡಗು ಮುಳುಗಿಸುವುದನ್ನು ನೋಡಲು ಆಹ್ವಾನಿತರು. ಶಾಂತಮೂರ್ತಿಗಳು ಕಂಪ್ಯೂಟರ್ ಹಾಕಿ, ಉಳಿಸಿಟ್ಟಿದ್ದ ಯಾನವನ್ನು ಕಂಡು ತಮಗೆ ತಾವೇ ಬೆರಗಾದರು. "ನೋಡಿ, ಹತ್ತೊಂಬತ್ತು ದಿನ ಒಂದು ಗೀರಿಲ್ದೆ ತಂದಿದೀನಿ."

ಪಕ್ಕದ ಕೋಣೆಯಲ್ಲಿ ಯಶೋದ ಕೈ ನಿಲ್ಲಿಸಿದಳು. ಬಾಯಿ ಬಿಡುವಷ್ಟರಲ್ಲಿ ಮೇಷ್ಟ್ರು ದಾರಿಯಲ್ಲಿ ಸಿಕ್ಕ ಸರಕು ಹಡಗಿಗೆ ಟಾರ್ಪೆಡೊ ಬಿಟ್ಟಾಗಿತ್ತು. ಅದು ಸಮುದ್ರದ ಪಾಲಾಯಿತು. ಕಾವಲಿನ ಎರಡು ಹಡಗು ತಿರುಗಿಕೊಂಡವು. ಮೇಷ್ಟ್ರು ಪೂರ್ತಿ ವೇಗದಲ್ಲಿ ಓಡಿಸಿದರು. ಕೆಂಪು ದೀಪ ಹತ್ತಿತು, ಎಲ್ಲೋ ನೀರು ನುಗ್ಗಿತು. ಆಗ ಅವರು ಹುಳುಮನೆಯ ಕಡೆಗೆ ಕತ್ತು ಚಾಚಿ ಕರೆದರು.

"ಯಶೋದ, ಒಂಚೂರು ಬಂದು ಕಿವಿ ಕೊಡು."

ಮೂವತ್ತೆರಡು ತಟ್ಟೆ ಬಾಕಿ ಇತ್ತು. ನಲವತ್ತನಾಲ್ಕು ಜನ ಇದ್ದರು. ಅವಳು ಬಂದು ಕುರ್ಚಿ ಬಿಡಿಸಿಕೊಂಡು ಕೂತು, ಇಂಜಿನ್ ನಿಲ್ಲಿಸಿ, ತಳಕ್ಕೆ ಇಳಿಸಿ, ಹೆಡ್‌ಫೋನ್ ಹಾಕಿಕೊಂಡಳು.

"ಈಗ ಜ್ವರಕ್ಕೆ ಕೂತದೆ. ಸದ್ದು ಮಾಡಂಗಿಲ್ಲ. ನೀವಿಬ್ರೂ ಇಲ್ಲಿ ಉಸಿರು ಬುಡ್ತಾ ನಿಂತ್ರೆ ನಂಗೆ ಕೇಳಲ್ಲ. ಕಾಲು ತೊಳ್ಕಂಡು ಒಳಕ್ಕೋಗಿ, ಹಣ್ಣಾದವ ಆಯ್ದು ಚಂದ್ರಿಕೆಗೆ ಬುಡಿ."

"ಎಷ್ಟೊತ್ತು?"

"ಮೇಲಿರೋ ಹಡಗು ಓಗೋಗಂಟ."

ಹೋದರು. ಡ್ರಿಲ್ ಮೇಷ್ಟ್ರು ಪ್ಯಾಂಟು ಮಡಚಿ ತುದಿಗಾಲಲ್ಲಿ ನಡೆದರು. ಕಂಪ್ಯೂಟರಿಗೆ ಕಿವಿಯಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೂ ಕೆಮ್ಮು ಬಂದರೆ ಟವೆಲ್ಲು ಕಚ್ಚಿಕೊಂಡರು. ಆ ಮನೆಯಲ್ಲಿ ಇಬ್ಬರು ಗಂಡಸರು ಮಾತಿಲ್ಲದೆ ಕೆಲಸ ಮಾಡಿದ್ದನ್ನು ದೊಡ್ಡಬಸಮ್ಮ ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ. ಹತ್ತಿರ ಸರಿದು ಕೂತು ನೋಡಿದರು.

ಯಶೋದ ಕೇಳುತ್ತಿದ್ದಳು. ಚುರುಕಾದ ಎರಡು ಸದ್ದು ತಲೆಯ ಮೇಲೆ ಒಂದು ಸುತ್ತು ಹಾಕಿದವು, ಎರಡು ಸುತ್ತು ಹಾಕಿದವು. ಆಮೇಲೆ ಬಡಗಲಿಗೆ ತಿರುಗಿದವು. ತೆಳ್ಳಗಾದವು. ಇಲ್ಲವಾದವು. ಕಾಲು ಗಂಟೆಯೂ ಆಗಿರಲಿಲ್ಲ. ಈಗ ಕಿವಿಯಲ್ಲಿದ್ದದ್ದು ಬರೀ ಸಮುದ್ರ.

ಬಾಗಿಲಲ್ಲಿ ಗಂಡನ ಮುಖ ಕಾಣಿಸಿತು. ಎರಡೂ ಅಂಗೈ ತುಂಬ ಹುಳು. ಹೋದವಾ ಎಂದು ಹುಬ್ಬಿನಲ್ಲೇ ಕೇಳಿದರು.

ಅವಳು ಗಾಳಿಯ ಮುಳ್ಳು ನೋಡಿದಳು. ಇನ್ನೂ ಆರು ಗಂಟೆ ಕಾಲಕ್ಕೆ ಸಾಕು. ಗಂಡನ ಹೆಗಲಾಚೆ ನೋಡಿದಳು. ಇನ್ನೂ ಮೂವತ್ತು ತಟ್ಟೆ ಬಾಕಿ. ಬೆರಳು ತುಟಿಯ ಮೇಲಿಟ್ಟು, ಇನ್ನೂ ಅವೆ ಎಂದು ಮೇಲಕ್ಕೆ ಸನ್ನೆ ಮಾಡಿದಳು. ಮುಖ ಒಳಕ್ಕೆ ಹೋಯಿತು.

ಕಾಲು ಎತ್ತಿ ಕುರ್ಚಿಯ ಮೇಲೆ ಮಡಚಿಕೊಂಡು, ಹಡಗನ್ನು ಮೇಲೆ ತರುವ ಗುಂಡಿಯ ಮೇಲಿಂದ ಯಶೋದ ಬೆರಳು ತೆಗೆದಳು.