ಹೆಬ್ಬೆಟ್ಟಿನ ಆಟ

ನಮ್ಮ ದೊಡ್ಡವ್ವನ ಮನೆಯಲ್ಲಿ ದೇವರನ್ನು ಬೈದರೂ ಒಂದು ಕಪ್ ಚಹಾ ಸಿಕ್ಕೀತು. ಕೀಬೋರ್ಡನ್ನು ಬೈದವರಿಗೆ ಮಾತ್ರ ನೀರೂ ಸಿಗುವುದಿಲ್ಲ!

ಆಕೆ ನನ್ನ ಅವ್ವನ ಅಕ್ಕ. ಸಿಂದಗಿಯಲ್ಲಿ ಮೂವತ್ತು ವರ್ಷ ಟೈಪಿಂಗ್ ಕ್ಲಾಸು ನಡೆಸಿದವಳು. ಟೈಪ್‌ರೈಟರುಗಳೆಲ್ಲ ಗುಜರಿಗೆ ಹೋದ ಮೇಲೆ ಕ್ಲಾಸಿನಲ್ಲಿ ಉಳಿದದ್ದು ಒಂದು ಕಂಪ್ಯೂಟರ್ ಮತ್ತು ಆಕೆ. ಇಬ್ಬರಿಗೂ ಕೆಲಸವಿರಲಿಲ್ಲ. ಹೀಗಾಗಿ ಅರವತ್ತೇಳನೆಯ ವಯಸ್ಸಿನಲ್ಲಿ ದೊಡ್ಡವ್ವ ಕಾರ್ ರೇಸ್ ಆಡಲು ಕುಳಿತಳು.

ಕುಳಿತಳು ಅಂದರೆ ಸುಮ್ಮನೆ ಕೂರುವುದೇ? ಬಳೆ ತೆಗೆದಿಡಬೇಕು. ಬೆನ್ನು ನೆಟ್ಟಗಿರಬೇಕು. ಕೀಲಿ ಕಾಣದಂತೆ ಕೈಮೇಲೆ ಟವೆಲ್ಲು ಹೊದಿಸಬೇಕು. ನೋಡಿ ಒತ್ತುವುದು ಆಕೆಯ ಪ್ರಕಾರ ಪರೀಕ್ಷೆಯಲ್ಲಿ ಕಾಪಿ ಹೊಡೆದಂತೆ. ಆಮೇಲೆ ಬೆರಳು ಸಡಿಲಾಗಲೆಂದು ಎ, ಎಸ್, ಡಿ, ಎಫ್ ಎಂದು ಒಂದು ಸಾಲು ಹೊಡೆಯುತ್ತಾಳೆ. ಆ ಆಟದಲ್ಲಿ ಎ ಒತ್ತಿದರೆ ಕಾರು ಎಡಕ್ಕೆ, ಡಿ ಒತ್ತಿದರೆ ಬಲಕ್ಕೆ, ಎಸ್ ಒತ್ತಿದರೆ ಹಿಂದಕ್ಕೆ. ರೇಸು ಶುರುವಾಗುವ ಹೊತ್ತಿಗೆ ದೊಡ್ಡವ್ವನ ಕಾರು ಪ್ರೇಕ್ಷಕರ ನಡುವೆ ಇರುತ್ತದೆ!

"ದೊಡ್ಡವ್ವಾ, ಗ್ವಾಡಿಗೆ ಹಾಯ್ದಿ!"

"ಹಾಯ್ಲಿ. ಕೀಲಿ ನೋಡೇನೇನು? ಇಲ್ಲಲಾ!"

ಒಂದು ದೀಪಾವಳಿಗೆ ನಾನಿರುವ ಮುದ್ದೇಬಿಹಾಳದಿಂದ, ಟಿವಿಗೆ ಜೋಡಿಸಿ ಆಡುವ ನನ್ನ ಕನ್ಸೋಲನ್ನು ಹೊತ್ತುಕೊಂಡು ಹೋದೆ. ನನ್ನ ವಾದ ಸರಳ. ಆಟವೆಂದ ಮೇಲೆ ಟಿವಿಯ ಮುಂದೆ ಗಾದಿಗೆ ಒರಗಿ ಆಡಬೇಕು. ಮೇಜು, ಕುರ್ಚಿ, ನೆಟ್ಟಗಿನ ಬೆನ್ನು ಎಲ್ಲ ಕಚೇರಿಗಿರಲಿ. ದೊಡ್ಡವ್ವ ಅದರ ಕೈಯಲ್ಲಿ ಹಿಡಿಯುವ ಕಂಟ್ರೋಲರನ್ನು ಹುಳುಕು ಬದನೆಕಾಯಿಯಂತೆ ತಿರುತಿರುಗಿಸಿ ನೋಡಿದಳು.

"ಯಾವ ಬೆರಳಿಂದ ಒತ್ತಬೇಕು ಇದನ್ನ?"

"ಎರಡೂ ಹೆಬ್ಬೆಟ್ಟಿಂದ."

"ಹೆಬ್ಬೆಟ್ಟ! ತಾಲೂಕಿನ ಮಂದಿಗೆಲ್ಲಾ ಹತ್ತೂ ಬೆರಳ ಕಲಿಸೇನಿ. ಈಗ ನನಗ ಹೆಬ್ಬೆಟ್ಟ ಒತ್ತು ಅಂತೀಯೇನಲೇ? ಸಹಿ ಮಾಡಾಕ ಬರಲಾರದವರ ಆಟ ಇದು!"

ಆದರೂ ಒಂದು ಸಲ ಹಿಡಿದಳು. ಕಾರು ಗೋಡೆಗೆ ಬಡಿಯಿತು, ಕಂಟ್ರೋಲರು ಗಡಗಡ ನಡುಗಿತು. "ಅಯ್ಯ, ಚಳಿಜ್ವರ ಬಂದೈತಿ ಇದಕ್ಕ!" ಎಂದು ಕೈಬಿಟ್ಟಳು. ಅದು ನೇರ ಶೇಂಗಾ ಚಟ್ನಿಯ ಡಬ್ಬಿಯೊಳಗೆ ಬಿತ್ತು. ಎರಡು ವಾರ ನನ್ನ ಕಾರು ಎಲ್ಲಿ ಹೋದರೂ ಬೆಳ್ಳುಳ್ಳಿ ನಾತ!

ಜಗಳ ಕೇಳಿ ಪಕ್ಕದ ಮನೆಯ ಖಾಲಾ ಪಂಚಾಯ್ತಿಗೆ ಬಂದರು. ಅರ್ಧ ತಾಸು ಇಬ್ಬರ ವಾದವನ್ನೂ ಕೇಳಿ ತೀರ್ಪು ಕೊಟ್ಟರು: "ಮಷೀನ್ ಎರಡೂ ಚಲೋ ಅದಾವ್ರಿ. ಕೆಟ್ಟಿದ್ದು ನಿಮ್ಮಿಬ್ಬರ ತಲಿ."

ಈ ವರ್ಷ ಇಂಡಿ ಊರಿನ ಮನೆಯಲ್ಲಿ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಸೋತಿತು. ಬೆರಳು ಆಡಿಸುತ್ತಿರಿ ಎಂದು ಡಾಕ್ಟರು ರಬ್ಬರ್ ಚೆಂಡು ಕೊಟ್ಟರು, ಅವ್ವ ಮುಟ್ಟಲಿಲ್ಲ. ಮಾತಾಡಲು ಬರುತ್ತಿತ್ತು, ಆದರೂ ಮಾತಾಡಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಎರಡು ತಿಂಗಳು ಆ ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಕುಕ್ಕರ್ ಒಂದೇ.

ದೊಡ್ಡವ್ವ ಸಿಂದಗಿಯಿಂದ ಬಸ್ಸಿಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ನನ್ನನ್ನು ಕೇಳಿದಳು.

"ನಿನ್ನ ಆ ನಡುಗೂ ಡಬ್ಬಿ ಎಲ್ಲೈತಿ?"

"ನಿನಗ ಅದು ಸೇರೂದಿಲ್ಲಲಾ?"

"ನನಗ ಯಾರ ಕೇಳ್ಯಾರ? ಆಕಿಗೆ ಕೀಬೋರ್ಡ್ ಆಗೂದಿಲ್ಲ ಈಗ. ತಾ."

ಮರುದಿನ ನಾನು ಮುದ್ದೇಬಿಹಾಳದಿಂದ ತಂದೆ. ದೊಡ್ಡವ್ವ ಅವ್ವನನ್ನು ದಿಂಬಿಗೆ ಒರಗಿಸಿ, ಕಂಟ್ರೋಲರನ್ನು ಕೈಗಿಟ್ಟು, ಸೋತ ಬಲಗೈಯ ಹೆಬ್ಬೆಟ್ಟನ್ನು ತಾನೇ ಗುಂಡಿಯ ಮೇಲೆ ಕೂರಿಸಿದಳು. ಇನ್ನೊಂದು ಕಂಟ್ರೋಲರನ್ನು ತಾನು ಹಿಡಿದಳು. ಟಿವಿಯಲ್ಲಿ ಎರಡು ಕಾರು ಹೊರಟವು. ಅವ್ವನದು ಹೊರಟಲ್ಲಿಯೇ ಬೇಲಿಗೆ ಸಿಕ್ಕಿಕೊಂಡಿತು. ದೊಡ್ಡವ್ವನದು ಮುಂದೆ ಮುಂದೆ ಹೋಗಿ, ಗೆಲ್ಲುವ ಗೆರೆ ನಾಲ್ಕು ಮಾರು ದೂರವಿರುವಾಗ ಗಕ್ಕನೆ ನಿಂತಿತು.

ಅವ್ವ ನಿಂತ ಆ ಕಾರನ್ನು ನೋಡಿದಳು. ಆಮೇಲೆ, ಎರಡು ತಿಂಗಳಲ್ಲಿ ಮೊದಲ ಸಲ, ಬಾಯಿ ಬಿಟ್ಟಳು.

"ಯಾಕ ನಿಂತಿ, ಅಕ್ಕಾ?"

"ಪೆಟ್ರೋಲ್ ಮುಗದೈತಿ, ತಂಗಿ. ನೀ ಸಾವಕಾಶ ಬಾ. ನಾ ಇಲ್ಲೇ ಇರ್ತೇನಿ."

ಆ ಆಟದಲ್ಲಿ ಪೆಟ್ರೋಲ್ ಮುಗಿಯುವುದೇ ಇಲ್ಲ.