ದೊಡ್ಡಪ್ಪನ ‘ಆಗಕಿಲ್ಲ’

ನಮ್ಮ ದೊಡ್ಡಪ್ಪನ ಬಾಯಿಂದ ಒಂದೇ ಸಲಕ್ಕೆ ‘ಹ್ಞೂಂ’ ಅನ್ನಿಸಿದವರು ಇಡೀ ಯಳಂದೂರು ತಾಲ್ಲೂಕಿನಲ್ಲಿ ಯಾರಾದರೂ ಇದ್ದರೆ ಹೇಳಿ, ನಾನೇ ಹಾರ ಹಾಕುತ್ತೇನೆ! ಏನು ಹೇಳಿದರೂ ಅವನ ಮೊದಲ ಮಾತು ‘ಆಗಕಿಲ್ಲ’. ಆಮೇಲೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಾನೆ, ಅದು ಬೇರೆ ವಿಷಯ.

ಕೊಳ್ಳೇಗಾಲದ ಬಸ್ಸಿನಲ್ಲಿ ಕಂಡಕ್ಟರ್ “ಯಜಮಾನ್ರೇ, ಒಸಿ ಒಳಕ್ಕೆ ನಡೀರಿ” ಅಂದರೆ, “ಆಗಕಿಲ್ಲ ಕಣಪ್ಪ” ಎಂದು ಎಲ್ಲರನ್ನೂ ತಳ್ಳಿಕೊಂಡು ಹಿಂದಿನ ಸೀಟಿನವರೆಗೂ ಹೋಗುತ್ತಾನೆ. ಡಾಕ್ಟರು ನಾಲಿಗೆ ಚಾಚಿ ಅಂದರೂ ಆಗಕಿಲ್ಲ; ಚಾಚಿದ ಮೇಲೆ ಒಳಗೆ ಹಾಕಿಕೊಳ್ಳಿ ಅಂದರೆ ಅದಕ್ಕೂ ಆಗಕಿಲ್ಲ! ದೊಡ್ಡಮ್ಮ ಮುದ್ದೆಗೆ ಕರೆದಾಗ ‘ಆಗಕಿಲ್ಲ’ ಅನ್ನುತ್ತಲೇ ಕೈ ತೊಳೆದಿರುತ್ತಾನೆ.

“ತಾಳಿ ಕಟ್ಟು ಅಂದಾಗ ಈ ಮಾತು ಎಲ್ಗೋಗಿತ್ತು?” ಎಂದು ದೊಡ್ಡಮ್ಮ ಕೇಳಿದರೆ, “ಆಗಿನ್ನೂ ಕಲ್ತಿರ್ನಿಲ್ಲ ಕಣಮ್ಮಿ!”

ನಿಜ, ಅವನು ಅದನ್ನು ತರಬೇತಿ ಪಡೆದೇ ಕಲಿತದ್ದು. ದೊಡ್ಡಪ್ಪ ಚಿಕ್ಕಂದಿನಿಂದ ಊರ ಒಡೆಯರ ಮನೆಯ ಜೀತದಾಳು. ಜೀತ ರದ್ದಾಯಿತೆಂದು ಸರ್ಕಾರ ಹೇಳಿ ವರ್ಷಗಳೇ ಕಳೆದಿದ್ದರೂ ಅದು ನಮ್ಮ ಬೀದಿಗೆ ಬಂದಿರಲಿಲ್ಲ, ಬಸ್ಸು ತಪ್ಪಿತ್ತೋ ಏನೋ! ಹನೂರು, ಕೌದಳ್ಳಿ ಕಡೆ ಜೀತ ಬಿಡಿಸುತ್ತಿದ್ದ ಸಂಘದವರು ಕೊನೆಗೆ ನಮ್ಮೂರಿಗೂ ಬಂದರು. ಕಾನೂನು ಎಲ್ಲರಿಗೂ ಅರ್ಥವಾಯಿತು. ಆದರೆ ಒಡೆಯರೆದುರು ‘ಆಗಕಿಲ್ಲ’ ಎನ್ನಲು ಬಾಯಿ ಬರಬೇಕಲ್ಲ? ಅದಕ್ಕೇ ಸಂಘದ ಮೇಷ್ಟ್ರೊಬ್ಬರು ತಲೆಗೆ ಟವೆಲ್ ಸುತ್ತಿ, ಒಡೆಯನಂತೆ ಜಗಲಿಯ ಮೇಲೆ ಕೂತು “ಬಾರ್ಲಾ ಇಲ್ಲಿ!” ಎಂದು ಗದರುವುದು, ನಮ್ಮ ಬೀದಿಯ ಜೀತದಾಳುಗಳು ಒಬ್ಬೊಬ್ಬರಾಗಿ ‘ಆಗಕಿಲ್ಲ’ ಎನ್ನುವುದು. ದೊಡ್ಡಪ್ಪ ಮಾತ್ರ ಪ್ರತಿ ಸಲವೂ “ಬಂದೆ ಬುದ್ದೀ!” ಎಂದು ಓಡಿಬಿಡುತ್ತಿದ್ದ. ಬೀದಿಗೆಲ್ಲ ಇವನೊಬ್ಬನೇ ಫೇಲು!

ನನ್ನ ಅಪ್ಪ ತೀರಿಕೊಂಡ ವರ್ಷ ಅದು. ಒಂದು ಬೆಳಗ್ಗೆ ಒಡೆಯರು ನಮ್ಮ ಬಾಗಿಲಿಗೇ ಬಂದು, ಇನ್ನೂ ಶಾಲೆಯ ಮೆಟ್ಟಿಲು ಹತ್ತದ ನನ್ನತ್ತ ಬೆರಳು ತೋರಿಸಿದರು. “ನಿನ್ ತಮ್ಮನ್ ಜಾಗ ಖಾಲಿ ಅದೆ. ನಾಳಿಂದ ಈ ಮಗೀನ ಕೊಟ್ಗೆ ಕೆಲ್ಸಕ್ಕೆ ಕಳ್ಸು.”

ದೊಡ್ಡಪ್ಪ ಮೊದಲು ಮೆಲ್ಲಗೆ “ಆಗಕಿಲ್ಲ ಬುದ್ದಿ,” ಅಂದ. ಆಮೇಲೆ ಜೋರಾಗಿ, “ಇನ್ಮ್ಯಾಕೆ ನಾನೂ ಬರಕಿಲ್ಲ!”

ಬೀದಿಯ ಪ್ರತಿ ಬಾಗಿಲಿನಿಂದಲೂ ಅದೇ ಮಾತು ಎದ್ದಿತು. ಅವತ್ತು ಒಡೆಯರ ಎತ್ತುಗಳಿಗೆ ಒಡೆಯರೇ ನೀರು ಕುಡಿಸಬೇಕಾಯಿತು. ಎತ್ತುಗಳು ಅವರನ್ನು ಕೆರೆಯವರೆಗೂ ಎಳೆದುಕೊಂಡು ಹೋದವು! ಈಗ ಅವರ ಮೊಮ್ಮಗ ಕಬ್ಬು ಕಡಿಸಬೇಕಾದರೆ ನಮ್ಮ ಬೀದಿಗೆ ಬಂದು, “ಅಣ್ಣ, ಬಿಡುವಿದ್ದದಾ?” ಎಂದು ಕೇಳುತ್ತಾನೆ.

ಆಗೆಲ್ಲ ಒಡೆಯರ ಮನೆಯ ಮುಂದೆ ನಮ್ಮವರು ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ನಡೆಯಬೇಕಿತ್ತು. ‘ಆಗಕಿಲ್ಲ’ ಅಂದ ಮರುದಿನ ದೊಡ್ಡಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, ಅದೇ ಮನೆಯ ಮುಂದೆ ಹಾದು ಶಾಲೆಗೆ ಸೇರಿಸಲು ಹೊರಟ. ನೆನೆದರೆ ಇವತ್ತಿಗೂ ನನ್ನ ಕಣ್ಣು ತುಂಬುತ್ತದೆ. ಅವನ ಎರಡೂ ಕೈಯಲ್ಲಿ ನನ್ನ ಪಾದಗಳಿದ್ದವು. ಚಪ್ಪಲಿ ಅವನ ಕಾಲಲ್ಲೇ ಇತ್ತು.