ನೀಲಿ ಬಾಗಿಲಿನಿಂದ ದಯಮಾಡಿಸಿದ ಸಾಹೇಬರಿಗೆ

ನೀರು ಸರಬರಾಜು ಕಚೇರಿಯ ಮಾನ್ಯ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವಾಗಿಯೂ, ಸಾಧ್ಯವಾದರೆ ಸ್ವಸ್ಥಾನದಲ್ಲಿಯೂ ಇದ್ದೀರೆಂದು ನಂಬಿ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ.

ತಮ್ಮ ಕಚೇರಿಯ ಹಿಂಬದಿಯ ನೀಲಿ ಬಾಗಿಲನ್ನು ಕಂಡೇ ಲೇಖಕಿಯೊಬ್ಬರು ಮಕ್ಕಳಿಗಾಗಿ ಮಾಯಾಲೋಕದ ಕಥಾಮಾಲೆ ಬರೆದರೆಂಬುದು ತಮಗೆ ತಿಳಿಯದ್ದೇನಲ್ಲ. ಆ ಕಥೆಗಳಲ್ಲಿ ಬಾಗಿಲಾಚೆಯ ಮಾಯಾಲೋಕದ ಮಂತ್ರಿಗಳು ಯಾರೂ ನೋಡದಾಗ ಮಾತ್ರ ಓಡಾಡುತ್ತಾರೆ, ಬಾಗಿಲಿಗೂ ಬಲು ನಾಚಿಕೆ. ತಟ್ಟಿ, ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ನಿಂತವರಿಗೆ ಮಾತ್ರ ತೆರೆದುಕೊಳ್ಳುತ್ತದೆ. ಹಾಗಾಗಿ ಊರೂರಿಂದ ಬಂದವರೆಲ್ಲ ದಿನವಿಡೀ ಆ ಗಲ್ಲಿಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ನಿಂತಿರುತ್ತಾರೆ.

ನಾನೂ ಮಗಳನ್ನು ಕರೆತಂದೆ. ಅವಳ ದೊಡ್ಡಪ್ಪನ ಮಗ "ಅದೆಲ್ಲಾ ಬರೀ ಬುರುಡೆ ಕಣೇ" ಎಂದು ತಲೆಕೆಡಿಸಿದ್ದರಿಂದ, ಬಾಗಿಲು ತೆರೆಯದಿದ್ದರೆ ಪುಸ್ತಕಗಳನ್ನೆಲ್ಲ ಗುಜರಿಗೆ ಹಾಕುವುದಾಗಿ ಶಪಥ ಮಾಡಿದ್ದಳು. ಮುಚ್ಚುಮರೆಯೇಕೆ, ನನಗೆ ಹೆದರಿಕೆಯಾಗಿತ್ತು. ಓದಿ ಹೇಳಲು ಆ ಕಥೆಗಳಿಲ್ಲದಿದ್ದರೆ ಅವಳು ನನ್ನ ಮಗ್ಗುಲಿಗೆ ಬಂದು ಮಲಗುವುದೂ ನಿಂತುಹೋಗುತ್ತದೆ. ನಾನಂತೂ ಕಣ್ಣು ಮುಚ್ಚಿ ಇದ್ದಬದ್ದ ದೇವರನ್ನೆಲ್ಲ ನೆನೆದೆ.

ಮಗಳು ಮಾತ್ರ ನಿಯಮ ಮುರಿದು ಓರೆಗಣ್ಣಿನಲ್ಲಿ ನೋಡಿಬಿಟ್ಟಳು. ಬಾಗಿಲು ಸದ್ದಿಲ್ಲದೆ ತೆರೆಯಿತು. ತಾವು ಬೂಟು ಕೈಯಲ್ಲಿ ಹಿಡಿದು, ಊಟದ ಡಬ್ಬಿ ಕಂಕುಳಲ್ಲಿ ಸಿಕ್ಕಿಸಿ, ತುದಿಗಾಲಿನಲ್ಲಿ ದಯಮಾಡಿಸಿದಿರಿ. ಅವಳನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು, ತಲೆಬಾಗಿ, ಮೂಲೆ ತಿರುಗಿ ಮಾಯವಾದಿರಿ. "ಅಮ್ಮಾ, ತೆರೀತು! ಮಂತ್ರಿಗಳು ಹೊರಗೆ ಬಂದ್ರು!" ಎಂದು ಅವಳು ಕುಣಿದಳು. ನನ್ನ ಕಣ್ಣು ತುಂಬಿ ಬಂತು.

ಕೃತಜ್ಞತೆ ಹೇಳಲೇಬೇಕೆಂದು ಅವಳು ಹಟ ಹಿಡಿದಿದ್ದರಿಂದ ಮುಂಬಾಗಿಲಿಗೆ ಬಂದೆವು. ಒಳಗೆ ಖುರ್ಚಿಯ ಬೆನ್ನಿಗೆ ತಮ್ಮ ಕೋಟು, ಗೋಡೆಯ ಮೇಲೆ ತಮ್ಮ ಭಾವಚಿತ್ರ, ಎದುರಿಗೆ ನಲ್ಲಿ ಒಣಗಿದವರ ಸಾಲು. "ಕೋಟು ಇಲ್ಲೇ ಇದೆ, ಸಾಹೇಬ್ರೂ ಇಲ್ಲೇ ಎಲ್ಲೋ ಇದ್ದಾರೆ" ಎಂದು ಜವಾನ ಎಲ್ಲರನ್ನೂ ಸಮಾಧಾನಪಡಿಸುತ್ತಿದ್ದ. ಮಗಳು ಭಾವಚಿತ್ರವನ್ನು ಗುರುತಿಸಿ, ತಾವು ಯಾರೂ ನೋಡದಾಗ ಮಾತ್ರ ಓಡಾಡುವ ಮಂತ್ರಿಗಳೆಂದು ಸಾಲಿಗೆಲ್ಲ ವಿವರಿಸಿದಳು. "ಹೌದು ಕಣವ್ವಾ, ನಮ್ಮ ನಲ್ಲೀಲಿ ನೀರೂ ಹಾಗೇ ಬರೋದು" ಎಂದು ಅಜ್ಜಿಯೊಬ್ಬರು ಖಾಲಿ ಕೊಡ ಕೆಳಗಿಡದೆಯೇ ಒಪ್ಪಿಕೊಂಡರು.

ಆದ್ದರಿಂದ ಮಾನ್ಯರೇ, ಮುಂದಿನ ರಜೆಗೆ ದೊಡ್ಡಪ್ಪನ ಮಗನನ್ನೂ ಕರೆತರಲಿದ್ದೇವೆ. ಅಲ್ಲಿಯವರೆಗೆ ಯಾರು ಬುದ್ಧಿ ಹೇಳಿದರೂ ತಾವು ಸುಧಾರಿಸಬಾರದು. ಆ ದಿನ ಡಬ್ಬಿಯ ಬದಲು ರಾಜದಂಡವನ್ನೇನಾದರೂ ಹಿಡಿದು ಬಂದರೆ ಇನ್ನೂ ಒಪ್ಪ. ಹೋಗುವ ಮುನ್ನ ಅಜ್ಜಿಯ ಬೀದಿಗೆ ನೀರು ಬಿಟ್ಟು ಹೋದರಂತೂ ಅದನ್ನು ಮಾಯೆಯೆಂದು ದೊಡ್ಡವರೂ ನಂಬುತ್ತಾರೆ.

ತಮ್ಮ ವಿಶ್ವಾಸಿ,
ತಮಗೆ ಬೆನ್ನು ಹಾಕಿ ನಿಂತಿದ್ದ ತಾಯಿ

ಮರೆತ ಮಾತು: ಪುಸ್ತಕಗಳು ಗುಜರಿಗೆ ಹೋಗಲಿಲ್ಲ, ನಿನ್ನೆಯೂ ನನ್ನ ತೋಳ ಮೇಲೆ ತಲೆಯಿಟ್ಟು ಓದಿಸಿಕೊಂಡಳು. ಇದಕ್ಕೆ ನಾನು ತಮಗೆ ನಿಜಕ್ಕೂ ಋಣಿ. ಆದರೆ ದೊಡ್ಡವಳಾದ ಮೇಲೆ ತಮ್ಮ ಕಚೇರಿಯಲ್ಲೇ ಕೆಲಸಕ್ಕೆ ಸೇರುತ್ತಾಳಂತೆ. ಆ ಹುಚ್ಚು ಬಿಡಿಸುವ ಉಪಾಯವಿದ್ದರೆ ತಿಳಿಸಿ, ಖುರ್ಚಿಯಲ್ಲಿ ಕೂತಾಗ.